ಹಚ್ಚದ ದೀಪ

ಹೊಳೆ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು, ಕೆಲವು ಶಿಷ್ಯರು, ಅಡುಗೆಗೆ ಹನುಮಕ್ಕ.

ಗುರುಗಳು ಒಂದು ಕಟ್ಟಳೆ ಮಾಡಿದ್ರು. ಯಾರನ್ನಾದ್ರೂ ತಪ್ಪು ಮಾಡಿದ ಅಂತ ಕೂಡಿಹಾಕಿದ್ರೆ, ಸಂಜೆ ದೀಪ ಹಚ್ಚಿದ ಕೂಡ್ಲೇ ಎಲ್ಲರ ಮುಂದೆ ಕರ್ಕೊಂಡು ಬಂದು ಕಾರಣ ಹೇಳ್ಬೇಕು. ಅವನ ಮಾತೂ ಕೇಳ್ಬೇಕು. ಇಲ್ಲಾಂದ್ರೆ ಬಿಟ್ಟುಬಿಡ್ಬೇಕು.

ದೀಪ ಹಚ್ಚೋ ಕೆಲಸ ಸೋಮಲಿಂಗ ಅನ್ನೋ ಶಿಷ್ಯಂದು.

ಒಂದಿನ ಮಧ್ಯಾಹ್ನ ಗುರುಗಳು ಊರೊಳಗೆ ಹೋಗಿದ್ರು. ಯಾರೋ ಗುರುತಿಲ್ಲದವನು ಬಂದು ಆಶ್ರಮದ ಹರಿಗೋಲನ್ನ ನೀರಿಗೆ ಎಳೀತಿದ್ದ. ಸೋಮಲಿಂಗ ಓಡಿಹೋಗಿ ಹಿಡ್ಕೊಂಡ. ಸೌದೆ ಕೋಣೆಗೆ ತಳ್ಳಿ ಚಿಲಕ ಹಾಕ್ದ.

"ಸ್ವಾಮಿ, ನಾನು ಆಚೆ ದಡಕ್ಕೆ ಹೋಗ್ಲೇಬೇಕು! ಒಂದು ಮಾತು ಕೇಳಿ!" ಅಂತ ಅವನು ಒಳಗಿಂದ ಬಾಗಿಲು ಬಡಿದ.

"ಕಳ್ಳನ ಮಾತೇನು ಕೇಳೋದು," ಅಂದ ಸೋಮಲಿಂಗ.

ಹನುಮಕ್ಕ ಅಡುಗೆಮನೆಯಿಂದ ಬಂದ್ಳು. "ಎಲ್ಲಿವರೆಗೂ ಇಡ್ತೀಯೋ ಅವನ್ನ?"

"ಅವನು ಯಾರು, ಜೊತೆಗೆ ಇನ್ನೂ ಯಾರಿದಾರೆ ಅಂತ ಗೊತ್ತಾಗೋವರೆಗೂ."

"ನೀನು ಅವನ್ನ ಕೇಳ್ತಾನೇ ಇಲ್ಲ. ಗೊತ್ತಾಗೋದು ಹೆಂಗೆ?"

ಸೋಮಲಿಂಗ ಚಿಲಕ ಇನ್ನೊಂದ್ಸಲ ಎಳೆದು ನೋಡ್ದ.

ಹೊತ್ತು ಮುಳುಗ್ತು. ಸೋಮಲಿಂಗ ಎಣ್ಣೆ ತಂದ, ಬತ್ತಿ ತಂದ. ಆಮೇಲೆ ಕೈ ತಡೆದ. ದೀಪ ಹಚ್ಚಿದ್ರೆ ತಾನೇ ಆ ಮನುಷ್ಯನ್ನ ಹೊರಗೆ ತರಬೇಕು? ಹಚ್ಚೋದೇ ಬೇಡ.

ಆಶ್ರಮ ಪೂರ್ತಿ ಕತ್ತಲೆ. ಒಬ್ಬ ಶಿಷ್ಯ ಚಾಪೆ ಅನ್ಕೊಂಡು ಇನ್ನೊಬ್ಬನ ಮೇಲೆ ಕೂತ.

"ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಕಾಣ್ಲಿಲ್ಲ," ಅಂತ ಹನುಮಕ್ಕ ಕೂಗಿದ್ಳು. "ಇನ್ನೊಂದ್ಸಲ ಹಾಕಿದೀನಿ. ನೀವೇ ಉಣ್ಣಿ!"

ಸೌದೆ ಕೋಣೆಯಲ್ಲಿ ಬಡಿಯೋ ಸದ್ದು ನಿಂತಿತ್ತು.

ಅಷ್ಟರಲ್ಲಿ ಆಶ್ರಮದ ಬಾಗಿಲ ಹತ್ರ ಒಂದು ಬಿಂದಿಗೆ ಉರುಳ್ತು. ಸೋಮಲಿಂಗ ಹಾರಿಹೋಗಿ ಒಂದು ಕೈ ಹಿಡ್ಕೊಂಡ.

"ಸಿಕ್ಕ! ಇವನ ಜೊತೆಯವನು ಸಿಕ್ಕ!"

ಸೌದೆ ಕೋಣೆವರೆಗೂ ದರದರ ಎಳ್ಕೊಂಡು ಹೋದ. ಕೈಗೆ ಸಿಕ್ಕಿದವನು ಒಂದು ಮಾತೂ ಆಡ್ಲಿಲ್ಲ. ಸೋಮಲಿಂಗ ಚಿಲಕಕ್ಕೆ ಕೈ ಹಾಕಿದಾಗ ಮಾತ್ರ ಒಂದು ದನಿ ಕೇಳ್ತು:

"ಒಳಗೆ ಚಾಪೆ ಇದ್ಯೇನೋ, ಸೋಮಲಿಂಗ?"

ಗುರುಗಳ ದನಿ.

ಸೋಮಲಿಂಗ ಅಲ್ಲೇ ಕಾಲಿಗೆ ಬಿದ್ದ. ಹನುಮಕ್ಕ ನಡೆದಿದ್ದೆಲ್ಲ ಹೇಳಿದ್ಳು.

"ಕಟ್ಟಳೆ ಇತ್ತಲ್ಲೋ," ಅಂದ್ರು ಗುರುಗಳು.

"ಅದು ಆಶ್ರಮದವರಿಗೆ ಅನ್ಕೊಂಡೆ ಗುರುಗಳೇ. ಅವನು ನಮ್ಮವನಲ್ಲ."

"ಚಿಕ್ಕೋನಿದ್ದಾಗ ಬೆಲ್ಲ ಕದ್ದು ಈ ಕೋಣೆಯಲ್ಲೇ ಕೂತಿದ್ಯಲ್ಲ. ಆಗ ನೀನು ನಮ್ಮವನಾಗಿದ್ಯಾ?"

"ಇಲ್ಲ. ಹಿಂದಿನ ದಿನ ತಾನೇ ಬಂದಿದ್ದೆ. ನನ್ನ ಹೆಸರೂ ಯಾರಿಗೂ ಗೊತ್ತಿರ್ಲಿಲ್ಲ."

"ಮತ್ತೆ ಯಾಕೆ ಬಾಗಿಲು ತೆಗೆದ್ವಿ? ನೀನು ಕದ್ದಿರ್ಲಿಲ್ಲ ಅಂತಾನಾ?"

"ಕದ್ದಿರ್ಲಿಲ್ವಾ!" ಅಂದ್ಳು ಹನುಮಕ್ಕ. "ಬಾಯಿ ತುಂಬ ಬೆಲ್ಲ, ಮಾತೇ ಹೊರಡ್ತಿರ್ಲಿಲ್ಲ. ಇವನು ಅಗಿದು ನುಂಗೋವರೆಗೂ ಗುರುಗಳು ಎದುರಿಗೆ ಕಾದು ಕೂತಿದ್ರು. ಆಮೇಲೆ, 'ಈಗ ಹೇಳಪ್ಪ' ಅಂದ್ರು."

ಸೋಮಲಿಂಗ ಎದ್ದ. ಒಳಗೆ ಹೋಗಿ ದೀಪ ಹಚ್ಚಿ ತಂದ. ಚಿಲಕ ತೆಗೆದ.

ಬಡಿದು ಬಡಿದು ಆ ಮನುಷ್ಯನ ಕೈ ಊದಿತ್ತು.

"ಹೆಸರೇನಪ್ಪ?" ಅಂತ ಗುರುಗಳು ಕೇಳಿದ್ರು.

"ದುರುಗಪ್ಪ, ಸ್ವಾಮಿ."

"ಹರಿಗೋಲು ಎಳೀತಿದ್ಯಂತೆ?"

"ಹೌದು. ಕೇಳದೇ ಎಳೆದಿದ್ದು ತಪ್ಪೇ. ಆಚೆ ದಡದಲ್ಲಿ ಮಗಳಿಗೆ ಹೆರಿಗೆ ನೋವು ಅಂತ ಸುದ್ದಿ ಬಂತು. ತಾಯಿ ಇಲ್ಲದ ಹುಡುಗಿ. ಗಂಡನೂ ಊರಲ್ಲಿಲ್ಲ." ಅವನು ಹೊಳೆ ಕಡೆ ತಿರುಗಿ ನೋಡ್ದ. "ಹೊತ್ತು ಹೋಯ್ತು ಸ್ವಾಮಿ."

ಗುರುಗಳು ಏನಾದ್ರೂ ಹೇಳೋ ಮುಂಚೆ ಸೋಮಲಿಂಗ ಹರಿಗೋಲಿನ ಹುಟ್ಟು ಹೆಗಲ ಮೇಲೆ ಹಾಕ್ಕೊಂಡಿದ್ದ. "ಬನ್ನಿ ಯಜಮಾನ್ರೇ. ದೀಪ ನೀವು ಹಿಡ್ಕೊಳ್ಳಿ."

ದೀಪ ಹೊಳೆ ಮೇಲೆ ಸಣ್ಣಗಾಗ್ತಾ ಹೋಯ್ತು. ಆಶ್ರಮದಲ್ಲಿ ಮತ್ತೆ ಕತ್ತಲೆ. ಈ ಸಲ ಯಾರೂ ಗೊಣಗ್ಲಿಲ್ಲ.

ಬೆಳಗ್ಗೆ ಹರಿಗೋಲು ವಾಪಸ್ ಬಂತು. ದಡಕ್ಕೆ ತಾಗೋ ಮುಂಚೆನೇ ಸೋಮಲಿಂಗ ಕೂಗಿದ: "ಹೆಣ್ಣು ಮಗು! ತಾಯಿನೂ ಚೆನ್ನಾಗಿದಾಳೆ! ನಾವು ಹೋದ್ಮೇಲೇ ಹುಟ್ಟಿದ್ದು!"

ಹನುಮಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡು ನಕ್ಕಳು. "ಬಾರೋ, ಸಾರು ಇಟ್ಟಿದೀನಿ. ನೀನು ಮಾಡಿಸಿದ ಉಪ್ಪುಸಾರು ನೀನೇ ಉಣ್ಣು."

ಸೋಮಲಿಂಗ ಉಂಡ. ಎರಡು ಚೊಂಬು ನೀರು ಕುಡಿದ. ಆಮೇಲೆ ಗುರುಗಳ ಹತ್ರ ಹೋಗಿ ಕೂತ.

"ಗುರುಗಳೇ, ದುರುಗಪ್ಪ ಒಳ್ಳೆಯವನು, ಸರಿ. ಅವನು ನಿಜವಾದ ಕಳ್ಳನೇ ಆಗಿದ್ರೆ? ಅಂಥವನಿಗೂ ದೀಪ ಹಚ್ಬೇಕಾ?"

ಗುರುಗಳು ಕೆಂಪಾಗಿದ್ದ ತಮ್ಮ ಮಣಿಕಟ್ಟು ಉಜ್ಜಿಕೊಂಡ್ರು.

"ನಿನ್ನೆ ಕತ್ತಲಲ್ಲಿ ನೀನು ಎಳ್ಕೊಂಡು ಹೋದಾಗ ನಿನ್ನ ಪಾಲಿಗೆ ನಾನೂ ನಿಜವಾದ ಕಳ್ಳನೇ ಆಗಿದ್ನಲ್ಲೋ."