ಹೊಸ ಬ್ರೇಕಿಗೆ ಆರತಿ

ಬಾಡಿಗೆ ಕಾರಿನ ಮಾಲೀಕ ಶಾಂತಮಲ್ಲಪ್ಪ ಮಾಡಿದ್ದು ತಪ್ಪು. ಬೆಟ್ಟದಿಂದ ಜನರನ್ನು ಇಳಿಸಿಕೊಂಡು ಬರುವ ಕಾರಿಗೆ, ಹೆಸರೇ ಇಲ್ಲದ ಅಗ್ಗದ ಬ್ರೇಕ್ ಪ್ಯಾಡ್ ತಂದು "ಇದನ್ನೇ ಹಾಕು" ಎಂದ.

ಡ್ರೈವರ್ ಚೆಲುವಯ್ಯನಿಗೆ ವಾದ ಮಾಡಿ ಮಾಡಿ ಸಾಕಾಗಿತ್ತು. "ಇದು ಹಿಡಿಯುತ್ತಾ ಸಾವ್ಕಾರ್ರೇ?" ಎಂದಷ್ಟೇ ಕೇಳಿದ.

"ಉಡ ಹಿಡಿದಂಗೆ ಹಿಡಿಯುತ್ತೆ ಕಣಯ್ಯ. ಒರಿಜಿನಲ್ ಅಂದ್ರೆ ಬರೀ ಡಬ್ಬಿಗೆ ದುಡ್ಡು."

ಚೆಲುವಯ್ಯ ಪ್ಯಾಡ್ ಹಾಕಿದ. ಕಾರನ್ನು ಇಳಿಜಾರಿನ ಮೇಲೆ ನಿಲ್ಲಿಸಿ, ಕರ್ಪೂರ ಹಚ್ಚಿದ ಆರತಿ ತಟ್ಟೆಯನ್ನು ಮಾಲೀಕನ ಕೈಗಿಟ್ಟ.

"ಹೊಸ ಸಾಮಾನು, ಪೂಜೆ ಆಗ್ಬೇಕು. ನೀವು ಕೆಳಗೆ ರಸ್ತೆ ನಡುವೆ ನಿಂತ್ಕೊಳ್ಳಿ. ನಾನು ಜೋರಾಗಿ ಬಂದು ನಿಮ್ಮ ತಟ್ಟೆ ಮುಂದೆ ಬ್ರೇಕ್ ಒತ್ತುತ್ತೀನಿ."

ಶಾಂತಮಲ್ಲಪ್ಪ ಇಳಿಜಾರು ನೋಡಿದ. ಕಾರು ನೋಡಿದ. "ನಿಂತಿರೋ ಕಾರಿಗೇ ಆರತಿ ಎತ್ತಿದ್ರೆ ಆಗಲ್ವಾ?"

"ಆಗುತ್ತೆ. ನಿಂತಿರೋ ಕಾರಿಗೆ ಬ್ರೇಕ್ ಯಾಕೆ ಸಾವ್ಕಾರ್ರೇ?"

ಕರ್ಪೂರ ಉರಿದು ಮುಗಿಯಿತು. "ಬಿಚ್ಚಯ್ಯ ಅದನ್ನ," ಮಾಲೀಕ ಗೊಣಗಿದ. "ಒರಿಜಿನಲ್ ತರ್ತೀನಿ."

ಓದುವವರೇ, ಎಲ್ಲ ಕಾರಿನಲ್ಲೂ ಚೆಲುವಯ್ಯ ಇರುವುದಿಲ್ಲ. ಬಾಡಿಗೆ ಕಾರು ಹತ್ತುವ ಮೊದಲು, ಯಾವ ಬ್ರೇಕ್ ಹಾಕಿಸಿದ್ದೀರಿ ಎಂದು ಮಾಲೀಕನನ್ನು ನೇರವಾಗಿ ಕೇಳಿ. ಉತ್ತರ ಬರುವವರೆಗೆ ಹತ್ತಬೇಡಿ.