ಹಗೇವಿನ ಗಾಳಿ

"ಗುರುಗಳೇ, ಮನುಷ್ಯನಿಗೆ ಇಷ್ಟೇ ಉಸಿರು ಎಂದು ಮೊದಲೇ ಬರೆದಿದ್ದರೆ, ಒಂದೊಂದನ್ನೂ ಬಿಗಿಹಿಡಿದು ಉಳಿಸಿಕೊಂಡವನು ಹೆಚ್ಚು ಕಾಲ ಬದುಕಬೇಕಲ್ಲವೇ?" ಎಂದು ಅಡವೆಪ್ಪ ಕೇಳಿದ.

ಮಠಕ್ಕೆ ಬಂದಾಗಿನಿಂದ ಈ ಶಿಷ್ಯನಿಗೆ ಇದೇ ಹುಚ್ಚು. ಉಸಿರು ಕಟ್ಟಿ ಕೂತನೆಂದರೆ ತುಟಿ ನೀಲಿಗಟ್ಟುವವರೆಗೂ ಬಿಡುತ್ತಿರಲಿಲ್ಲ. ಅಂದು ಬೆಳಿಗ್ಗೆ ಹಾಗೆಯೇ ಕೂತಲ್ಲಿಂದ ಉರುಳಿಬಿದ್ದು ಹಣೆ ಒಡೆದುಕೊಂಡಿದ್ದ. ಆ ಹಟದ ಹಿಂದೆ ಇದ್ದದ್ದು ಹೆದರಿಕೆ. ಅವನ ತಂದೆ ದಮ್ಮಿನ ರೋಗದಿಂದ ನಡುವಯಸ್ಸಿನಲ್ಲೇ ತೀರಿಕೊಂಡಿದ್ದರು. ಬೇಗ ಬೇಗ ಉಸಿರೆಳೆದು ಪಾಲಿಗೆ ಬಂದದ್ದನ್ನೆಲ್ಲ ಮುಗಿಸಿಕೊಂಡರು, ತನಗೂ ಅದೇ ಗತಿ ಎಂದು ಅವನು ನಂಬಿದ್ದ.

ಗುರುಗಳು ಅವನ ಹಣೆಯ ಪಟ್ಟಿಯನ್ನು ನೋಡಿದರು. ಬೈಯಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಕಣಜ. ಸುಗ್ಗಿಯಲ್ಲಿ ಜೋಳ ತುಂಬಿ, ಬಾಯಿಗೆ ಕಲ್ಲು ಹಾಸಿ, ಮಣ್ಣು ಮೆತ್ತಿದ. ಸಂದಿಲ್ಲದಂತೆ ಮುಚ್ಚುವುದರಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ. ಅದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ.

ಒಂದು ದಿನ ಬೀಗರು ಹೇಳದೆ ಕೇಳದೆ ಬಂದಿಳಿದರು. ಮನೆಯಲ್ಲಿ ಜೋಳ ಮುಗಿದಿತ್ತು. ರೈತ ಹಗೇವಿನ ಬಾಯಿ ತೆರೆದು, ವಾಡಿಕೆಯಂತೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ದೀಪ ಆರಿತು. ದೀಪ ಆರಿದರೆ ಯಾರೂ ಇಳಿಯಕೂಡದು, ಬಾಯಿ ತೆರೆದಿಟ್ಟು ಕಾಯಬೇಕು. ಆದರೆ ಬೀಗರ ಮುಂದೆ ಮಾನ ಹೋಗುತ್ತದೆಂದು ಅವನಿಗೆ ಆತುರ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ.

"ದೀಪ ಆರೈತಿ, ಇಳೀಬ್ಯಾಡ್ರಿ. ಒಳಗ ಗಾಳಿ ಕೆಟ್ಟೈತಿ," ಎಂದಳು ಹೆಂಡತಿ.

"ನಾ ಮುಚ್ಚಿದ ಹಗೇವಿನೊಳಗ ಕೆಟ್ಟ ಗಾಳಿ ಎಲ್ಲಿಂದ ಬರತೈತಿ? ಇರುವಿ ಸುದ್ದಾ ಹೊಕ್ಕಿಲ್ಲ."

ಇಳಿದ. ಕಾಲು ಜೋಳಕ್ಕೆ ತಾಗುವ ಹೊತ್ತಿಗೆ ಕೈ ಸಡಿಲಿ ಕುಸಿದ. ಬೀಗರ ಮುಂದೆ ಮಾನ ಉಳಿಸಿಕೊಳ್ಳಲು ಇಳಿದವನನ್ನು ಬೀಗರೇ ಹಗ್ಗ ಹಿಡಿದು ಮೇಲೆಳೆದರು. ಅಂಗಳದಲ್ಲಿ ಮಲಗಿಸಿ ಗಾಳಿ ಬೀಸಿದರು. ಹೆಂಡತಿ ಅವನ ಎದೆಯ ಮೇಲೆ ಕೈಯಿಟ್ಟು ಅಳುತ್ತಿದ್ದಳು. ಕೊನೆಗೂ ಎದೆ ಏರಿತು, ಇಳಿಯಿತು. ಅವನು ಕಣ್ಣು ಬಿಟ್ಟು, "ಒಳಗಿನ ಗಾಳಿ ಕೆಡಿಸಿದವರ‍್ಯಾರು?" ಎಂದು ಕೇಳಿದ.

"ನೀವ ತುಂಬಿದ ಜೋಳ," ಎಂದಳು ಹೆಂಡತಿ. "ಅದಕ್ಕೂ ಜೀವ ಐತಿ, ಅದೂ ಉಸಿರಾಡತೈತಿ. ಬಿಟ್ಟ ಉಸಿರು ಹೊರಗ ಹೋಗಾಕ ನೀವು ಸಂದಿ ಎಲ್ಲಿ ಇಟ್ಟಿದ್ರಿ?"

ಕತೆ ಮುಗಿಸಿ ಗುರುಗಳು ಹೇಳಿದರು: "ನಿನ್ನ ಮೈಯೂ ಅಂಥದೇ ಕಣಜ. ಎದೆಗೆ ಬಂದ ಗಾಳಿಯ ಸಾರವನ್ನು ನೆತ್ತರು ಹೊತ್ತೊಯ್ಯುತ್ತದೆ. ಮೈಯ ಕಣಕಣವೂ ಆ ಸಾರದಿಂದ ಉಂಡ ಅನ್ನವನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಉರಿದು ಉಳಿದ ಗಾಳಿಯನ್ನು ಅದೇ ನೆತ್ತರು ಎದೆಗೆ ತಂದು ಬಿಡುತ್ತದೆ. ಅದು ಹೊರಗೆ ಹೋಗಲೇಬೇಕು."

"ಆದರೆ ಉಸಿರು ಕಟ್ಟಿದಾಗ ಎದೆ ಒದ್ದಾಡುವುದು ಹೊಸ ಗಾಳಿಗಾಗಿ ಅಲ್ಲವೇ?"

"ಮೊದಲು ಒದ್ದಾಡುವುದು ಹಳೆಯದನ್ನು ಕಳೆದುಕೊಳ್ಳಲು. ನಿನ್ನ ತಂದೆಗೆ ಹೆಚ್ಚು ಕಷ್ಟವಾಗುತ್ತಿದ್ದುದು ಉಸಿರು ಎಳೆಯುವಾಗಲೋ, ಬಿಡುವಾಗಲೋ?"

ಅಡವೆಪ್ಪ ನೆನಪು ಮಾಡಿಕೊಂಡ. ತಂದೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಎದೆ ಉಬ್ಬಿಕೊಂಡೇ ಇರುತ್ತಿತ್ತು. ಸಿಳ್ಳಿನಂಥ ಸದ್ದು ಎದ್ದು ಕೇಳುತ್ತಿದ್ದುದು ಉಸಿರು ಬಿಡುವಾಗ. ಅವನಿಗೆ ದುಃಖ ಉಕ್ಕಿ ಬಂತು.

"ಬಿಡುವಾಗ," ಎಂದ.

"ಅವರಿಗೆ ಬಿಡಲಾಗಲಿಲ್ಲ, ನಿನಗೆ ಬಿಡಲಾಗುತ್ತದೆ, ಆದರೂ ಹಿಡಿದು ಕೂತಿದ್ದೀಯೆ," ಎಂದರು ಗುರುಗಳು.

ಅಡವೆಪ್ಪ ಎದೆಯಲ್ಲಿ ಹಿಡಿದಿದ್ದ ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟ.