ಕುಡುಗೋಲುಬೆನ್ನಿನ ತಿಪ್ಪವ್ವ

ಬಹಳ ಹಿಂದೆ, ಕಲ್ಲಹಟ್ಟಿಯ ದೊಡ್ಡ ಹುಣಸೆಮರ ಇನ್ನೂ ಯಾರದೋ ಬಾಯೊಳಗಿನ ಬೀಜವಾಗಿದ್ದ ಕಾಲದಲ್ಲಿ, ಆ ಊರಿನಲ್ಲಿ ತಿಪ್ಪವ್ವ ಅಂತ ಒಬ್ಬಳಿದ್ದಳಂತೆ. ನಾನು ಕಂಡವಳಲ್ಲ. ನನ್ನ ಅಜ್ಜಿಯೂ ಕಂಡವಳಲ್ಲ. ಅಜ್ಜಿಯ ಅಜ್ಜಿ ಮಾತ್ರ ಕಂಡಿದ್ದೆ ಅನ್ನುತ್ತಿದ್ದಳಂತೆ. ಆದರೆ ಆಕೆ ಹುಲಿಯ ಮೀಸೆ ಎಳೆದಿದ್ದೆ ಅಂತಲೂ ಹೇಳುತ್ತಿದ್ದಳು, ಅದಕ್ಕೆ ಆ ಮಾತು ಬಿಡಿ.

ಕಲ್ಲಹಟ್ಟಿಯಿಂದ ಸಜ್ಜೆಹಟ್ಟಿಗೆ ಎರಡು ದಾರಿ. ಕೆಳಗಿನದು ಮುಳ್ಳುಕಾಡು ಸುತ್ತಿ ಹೋಗುತ್ತದೆ, ಎರಡು ದಿನ ಬೇಕು. ಮೇಲಿನದು ಬೆಟ್ಟದ ಬೆನ್ನ ಮೇಲೆ, ಅರ್ಧ ದಿನ ಸಾಕು. ಆದರೆ ಆ ಬೆನ್ನು ಎಂಥದ್ದು? ಕುಡುಗೋಲನ್ನು ಅಲುಗು ಮೇಲೆ ಮಾಡಿ ನೆಟ್ಟ ಹಾಗೆ, ಬಾಗಿಕೊಂಡು, ತೆಳ್ಳಗೆ. ಕೆಲವು ಕಡೆ ನಡೆಯಬಹುದು. ಕೆಲವು ಕಡೆ ಕುದುರೆ ಹತ್ತಿದ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ತೆವಳಬೇಕು. ಕೆಲವು ಕಡೆ ಉಡದ ಹಾಗೆ ಬಂಡೆಗೆ ಹೊಟ್ಟೆ ಹಚ್ಚಿ ಏರಬೇಕು. ಅಲ್ಲಿ ನಿಂತು ನೋಡಿದರೆ ಹದ್ದುಗಳು ಕಾಲ ಕೆಳಗೆ ತಿರುಗುತ್ತಿರುತ್ತವೆ. ಹದ್ದಿನ ಬೆನ್ನು ಹೇಗಿರುತ್ತದೆ ಅಂತ ಗೊತ್ತಿರುವುದು ಆ ಎರಡು ಊರಿನವರಿಗೆ ಮಾತ್ರ.

ತಿಪ್ಪವ್ವ ಪುಂಡಿನಾರಿನ ಹಗ್ಗ ಹೊಸೆಯುವವಳು. ಅವಳ ಹಗ್ಗ ಕಟ್ಟಿ ಕೊಡ ಸೇದಿದರೆ ಕೊಡದ ಜೊತೆ ಬಾವಿಯೂ ಅರ್ಧ ಮೇಲೆ ಬರುತ್ತಿತ್ತಂತೆ. ಹಗ್ಗ ಮಾರಲು ತಿಂಗಳಿಗೆ ಎರಡು ಸಲ ಕುಡುಗೋಲುಬೆನ್ನು ದಾಟುತ್ತಿದ್ದಳು. ಅವಳ ಪಾದದಲ್ಲಿ ಕಣ್ಣಿತ್ತಂತೆ. ಛಾವಣಿ ಹಾರಿಸುವ ಗಾಳಿಯಲ್ಲೂ ಅವಳ ಸೆರಗು ಮಾತ್ರ ಅಲುಗುತ್ತಿತ್ತು, ಅವಳು ಅಲುಗುತ್ತಿರಲಿಲ್ಲವಂತೆ.

ಆ ದಾರಿಯ ನಡುವೆ ಒಂದು ಬಂಡೆ. ಅದಕ್ಕೆ ಆಗ ಕರೆಯುವ ಬಂಡೆ ಅಂತ ಹೆಸರು. ಈಚೆಯಿಂದ ಹೋಗುವವರು ಅದನ್ನು ಉಸಿರು ಬಿಗಿಹಿಡಿದು ಏರುತ್ತಾರೆ. ಏರಿ ತಲೆ ಎತ್ತಿದರೆ, ಎದುರಿನ ಬೆಟ್ಟದ ಮೇಲೆ ಮುಗಿಲಯ್ಯ. ಯಾರೂ ಕಡೆಯದ, ಯಾರೂ ನಿಲ್ಲಿಸದ, ಮೋಡಕ್ಕೆ ತಾಗುವಂಥ ಒಂಟಿ ಕಲ್ಲು, ಊರವರಿಗೆ ದೇವರು. ಅಷ್ಟು ಹೊತ್ತು ಬರೀ ಬಂಡೆ ನೋಡಿದ ಕಣ್ಣಿಗೆ ಅದು ಒಮ್ಮೆಲೇ ಕಾಣುತ್ತದೆ. ಎಂಥವನಿಗೂ ಮೈ ಜುಮ್ಮೆನ್ನುತ್ತದೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಅಲ್ಲಿಂದ ಬೀಳುತ್ತಿದ್ದರು. ಮುಗಿಲಯ್ಯ ಕರೆದುಕೊಂಡ ಅಂತ ಊರವರು ಹೇಳುತ್ತಿದ್ದರು.

ತಿಪ್ಪವ್ವನ ಗಂಡನೂ ಅಲ್ಲೇ ಹೋದ.

ಅವಳು ಅಳಲಿಲ್ಲವಂತೆ. ಬಂಡೆಯ ಪಕ್ಕದ ಬಿರುಕಿನಲ್ಲಿ ಮೂರು ದಿನ ಕೂತು, ಬಂದವರನ್ನೆಲ್ಲ ನೋಡಿದಳಂತೆ. ಸಜ್ಜೆಹಟ್ಟಿಯಿಂದ ಬರುವವರಿಗೆ ಮುಗಿಲಯ್ಯ ಬೆನ್ನ ಹಿಂದೆ ಇರುತ್ತಾನೆ. ಅವರು ಸುಮ್ಮನೆ ಇಳಿದು ಬಂದರು. ಈಚೆಯಿಂದ ಹೋಗುವವರು ಏರಿದರು, ನೋಡಿದರು, ಎರಡೂ ಕೈ ಎತ್ತಿ ಮುಗಿದರು. ಪ್ರತಿಯೊಬ್ಬರೂ. ಆ ಮೂರು ದಿನ ಗಾಳಿ ಬೀಸಲಿಲ್ಲ, ಉಳಿದರು.

ನಾಲ್ಕನೆಯ ದಿನ ಕೆಳಗಿಳಿದು ಬಂದು ಹಿರಿಯರ ಮುಂದೆ ಹೇಳಿದಳಂತೆ: "ಮುಗಿಲಯ್ಯ ಯಾರನ್ನೂ ಕರೀತಿಲ್ಲ. ನೀವೇ ಎರಡೂ ಕೈ ಬಿಡ್ತಿದೀರಿ."

ಹಿರಿಯರಿಗೆ ಸಿಟ್ಟು ಬಂತು. ಹಾಗಾದರೆ ದೇವರಿಗೆ ಕಾಲಲ್ಲಿ ಮುಗಿಯಬೇಕೇನು ಅಂತ ಪೂಜಾರಿ ಕೇಳಿದನಂತೆ. ಅವತ್ತಿನಿಂದ ಯಾರೇ ಬೆಟ್ಟ ದಾಟಲಿ, ತಿಪ್ಪವ್ವ ಹಗ್ಗ ಹೊಸೆಯುವುದು ಬಿಟ್ಟು ಅವರ ಹಿಂದೆ ನಡೆದಳು. ಮುಂದೆ ಹೋಗುತ್ತಿರಲಿಲ್ಲ. ಮುಂದೆ ಹೋದವರಿಗೆ ದಾರಿ ಕಾಣುತ್ತದೆ, ಹಿಂದೆ ಬಂದವರಿಗೆ ಮನುಷ್ಯರು ಕಾಣುತ್ತಾರೆ ಅನ್ನುತ್ತಿದ್ದಳಂತೆ. ಅಷ್ಟು ಗಟ್ಟಿ ಹಗ್ಗ ಮಾಡುವವಳು ಯಾರನ್ನೂ ಹಗ್ಗದಿಂದ ಕಟ್ಟುತ್ತಿರಲಿಲ್ಲ. ಒಬ್ಬರು ಜಾರಿದರೆ ಇಬ್ಬರು ಹೋಗುತ್ತಾರೆ, ಅದಕ್ಕೆ. ಮುಂದಿನವರ ಹಿಮ್ಮಡಿ ಹಿಡಿದು ಪಾದವನ್ನು ಕಲ್ಲಿನ ಸಂದಿಗೆ ತಾನೇ ಇಡುತ್ತಿದ್ದಳು. ಅವಳು ಹೇಳಿಕೊಡುತ್ತಿದ್ದ ಮಂತ್ರ ಒಂದೇ: ಮೂರು ಹಿಡಿ, ಒಂದು ಬಿಡು. ಎರಡು ಕಾಲು, ಎರಡು ಕೈ. ಅದರಲ್ಲಿ ಮೂರು ಯಾವಾಗಲೂ ಬಂಡೆಯ ಮೇಲೆ. ಕರೆಯುವ ಬಂಡೆ ಬಂದಾಗ ಅವರ ಎಡಗೈಯನ್ನು ಕಲ್ಲಿಗೆ ಒತ್ತಿ ಹಿಡಿದುಬಿಡುತ್ತಿದ್ದಳು. ಬಲಗೈ ಒಂದೇ ಮೇಲೇಳುತ್ತಿತ್ತು. ಜನ ದಾಟುತ್ತಿದ್ದರು, ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಎರಡೂ ಕೈ ಜೋಡಿಸಿ ತಪ್ಪಾಯ್ತು ಅಂತ ಬೇಡಿಕೊಳ್ಳುತ್ತಿದ್ದರಂತೆ. ಅವಳಿಗೆ ಒಂಟಿಗೈ ತಿಪ್ಪಿ ಅಂತ ಅಡ್ಡಹೆಸರೂ ಬಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಅವಳ ತಂಗಿಯ ಗಂಡ ಭರಮಪ್ಪ ರಾತ್ರಿಯೇ ಹೊರಟು ಬೆಟ್ಟ ಇಳಿದು ಓಡಿಬಂದ. ಅವನ ಎರಡೂ ಮಂಡಿ ಕಿತ್ತುಹೋಗಿದ್ದವು. ತಂಗಿ ಹುಲಿಗೆವ್ವನನ್ನು ಸಜ್ಜೆಹಟ್ಟಿಗೆ ಕೊಟ್ಟದ್ದು ತಿಪ್ಪವ್ವನೇ, ಬೆಟ್ಟ ದಾಟಿದರೆ ತಂಗಿಯ ಮನೆ ಅಂತ. ಈಗ ಹುಲಿಗೆವ್ವನಿಗೆ ಹೆರಿಗೆಯ ನೋವು ಎದ್ದು ಎರಡು ರಾತ್ರಿ ಕಳೆದಿತ್ತು. ಕೂಸು ಅಡ್ಡ ನಿಂತಿತ್ತು. ಇನ್ನೊಂದು ರಾತ್ರಿ ತಡೆಯುವುದಿಲ್ಲ ಅಂತ ಆ ಊರಿನ ಹೆಂಗಸರು ಹೇಳಿ ಕಳಿಸಿದ್ದರು.

ಅಡ್ಡ ನಿಂತ ಕೂಸನ್ನು ತಿರುಗಿಸುವ ಕೈ ಆ ಸೀಮೆಯಲ್ಲೇ ಒಂದು, ಕಲ್ಲಹಟ್ಟಿಯ ಸೂಲಗಿತ್ತಿ ದುರುಗಜ್ಜಿಯದು. ದುರುಗಜ್ಜಿ ಹುಟ್ಟಿದಾಗಿನಿಂದ ಮೇಲಿನ ದಾರಿ ತುಳಿದವಳಲ್ಲ. ಅವತ್ತು ಸೀರೆ ಕಚ್ಚೆ ಕಟ್ಟಿದಳಂತೆ. ಭರಮಪ್ಪ ಮುಂದೆ, ಅಜ್ಜಿ ನಡುವೆ, ತಿಪ್ಪವ್ವ ಹಿಂದೆ. ಅಜ್ಜಿಯ ಒಂದೊಂದು ಹೆಜ್ಜೆಯನ್ನೂ ತಿಪ್ಪವ್ವ ಕೈಯಲ್ಲಿ ಹಿಡಿದು ಇಟ್ಟಳು. ಮಗು ನಡೆಸಿದ ಹಾಗೆ ನಡೆಸ್ತೀಯಲ್ಲೇ ಅಂತ ಅಜ್ಜಿ ಗೊಣಗಿದರೆ, ಇಷ್ಟು ದಿನ ಊರಿನ ಮಕ್ಕಳನ್ನೆಲ್ಲ ನೀನು ಹಿಡಿದೆ, ಇವತ್ತೊಂದು ದಿನ ನಾನು ಹಿಡೀತೀನಿ ಅಂದಳಂತೆ ತಿಪ್ಪವ್ವ.

ಕರೆಯುವ ಬಂಡೆ ಬಂತು. ಭರಮಪ್ಪ ದಾಟಿ ಆಚೆ ನಿಂತ. ದುರುಗಜ್ಜಿ ಏರಿದಳು, ತಲೆ ಎತ್ತಿದಳು, ಮುಗಿಲಯ್ಯನನ್ನು ಕಂಡಳು. ತಿಪ್ಪವ್ವ ಕೆಳಗಿನಿಂದ ಅವಳ ಎಡಗೈಯನ್ನು ಬಂಡೆಗೆ ಒತ್ತಿದಳು.

"ಕೈ ಬಿಡು ತಿಪ್ಪಿ."

"ಬಿಡಲ್ಲ ಅಜ್ಜಿ. ಗಾಳಿ ಇದೆ."

ಅಜ್ಜಿ ಅಲ್ಲೇ ಬಂಡೆಗೆ ಮೈ ಹಚ್ಚಿ ಕೂತುಬಿಟ್ಟಳು. ಪ್ರತಿ ಹೆರಿಗೆಗೂ ಮೊದಲು ಮುಗಿಲಯ್ಯ ಇರುವ ದಿಕ್ಕಿಗೆ ಎರಡೂ ಕೈ ಜೋಡಿಸಿಯೇ ಅವಳು ಕೂಸು ಮುಟ್ಟುತ್ತಿದ್ದಳು. ಇವತ್ತು ಅವನೇ ಎದುರಿಗಿದ್ದಾನೆ.

"ಒಂಟಿಗೈ ತೋರಿಸಿ ಹೋದವಳ ಕೈಗೆ ಅವನು ಕೂಸು ಕೊಡ್ತಾನೇನೇ?" ಅಂದಳು. "ಅದು ನಿನ್ನ ತಂಗಿಯ ಕೂಸು. ನೀನೇ ಹೇಳು."

ತಿಪ್ಪವ್ವ ದೇವರನ್ನು ನಂಬದವಳಾಗಿದ್ದರೆ ಸುಲಭವಿತ್ತು. ಅವಳೂ ನಂಬಿದವಳೇ. ಕೈ ಬಿಟ್ಟರೆ ಗಾಳಿ ಅಜ್ಜಿಯನ್ನು ಒಯ್ಯುತ್ತದೆ. ಬಿಡದಿದ್ದರೆ, ಮನಸ್ಸಿನಲ್ಲಿ ಅಂಜಿಕೆ ಇಟ್ಟುಕೊಂಡ ಆ ಕೈ ಅಲ್ಲಿ ಹೋಗಿ ನಡುಗುತ್ತದೆ. ಆಚೆ ಭರಮಪ್ಪ ಬಾಯಿಗೆ ಬಟ್ಟೆ ತುರುಕಿಕೊಂಡು ಅಳುತ್ತಿದ್ದ. ಹೊತ್ತು ಇಳಿಯುತ್ತಿತ್ತು.

ಆಗ ತಿಪ್ಪವ್ವ ಯಾವತ್ತೂ ಮಾಡದ್ದನ್ನು ಮಾಡಿದಳು. ಹಿಂದೆ ಇರುವುದು ಬಿಟ್ಟು ಪಕ್ಕಕ್ಕೆ ಬಂದಳು. ಅಲ್ಲಿ ಪಕ್ಕ ಅನ್ನುವುದೇ ಇಲ್ಲ, ಆಳ ಮಾತ್ರ ಇರುವುದು. ಬೆರಳಗಲದ ಅಂಚಿಗೆ ಎರಡೂ ಕಾಲಿನ ತುದಿ ಊರಿ, ಬಲಗೈಯನ್ನು ಬಿರುಕಿಗೆ ಸಿಕ್ಕಿಸಿ, ಅಜ್ಜಿಯ ಬಲಕ್ಕೆ ಬೆಟ್ಟದ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಳು. ಎಡಗೈ ಮೇಲೆತ್ತಿ ಅಂಗೈ ತೆರೆದು ಹಿಡಿದಳು.

"ನಿನ್ನದೊಂದು ಇಡು ಅಜ್ಜಿ, ನನ್ನದೊಂದು ಇಟ್ಟೀನಿ. ಅವನಿಗೆ ಬೇಕಿರೋದು ಎರಡು ಕೈ. ಯಾರ್ಯಾರದು ಅಂತ ಕೇಳಲ್ಲ."

ಅವಳ ಕೇರಿ ಬೇರೆ, ಇವಳ ಕೇರಿ ಬೇರೆ. ಕೆಳಗೆ ಊರಿನಲ್ಲಾಗಿದ್ದರೆ ಒಬ್ಬರ ನೀರು ಒಬ್ಬರು ಕುಡಿಯುವಂತಿರಲಿಲ್ಲ. ದುರುಗಜ್ಜಿ ಆ ಅಂಗೈಯನ್ನೇ ನೋಡಿದಳಂತೆ. ಹಗ್ಗ ಉಜ್ಜಿ ಉಜ್ಜಿ ಅದರಲ್ಲಿ ಗೆರೆಯೇ ಉಳಿದಿರಲಿಲ್ಲ. ಎಡಗೈಯಿಂದ ಬಂಡೆ ಹಿಡಿದುಕೊಂಡೇ ಬಲಗೈ ಎತ್ತಿ ಅದಕ್ಕೆ ಜೋಡಿಸಿದಳು.

ಗಾಳಿ ನಿಂತಿತಂತೆ. ಗಾಳಿ ನಿಲ್ಲಲಿಲ್ಲ, ಅವರಿಗೆ ಗೊತ್ತಾಗಲಿಲ್ಲ ಅಷ್ಟೇ ಅಂತ ಹೇಳುವವರೂ ಇದ್ದಾರೆ. ಕೆಳಗಿನ ಹದ್ದುಗಳು ರೆಕ್ಕೆ ಬಡಿಯದೆ ಇದ್ದಲ್ಲೇ ತೇಲಿದವಂತೆ. ಎದುರು ಬೆಟ್ಟದಲ್ಲಿ ಮುಗಿಲಯ್ಯನ ತಲೆಯ ಮೇಲಿದ್ದ ಮೋಡ ಸರಿಯಿತಂತೆ. ಇಷ್ಟನ್ನೂ ಕಂಡವನು ಭರಮಪ್ಪ ಒಬ್ಬನೇ. ಅವನು ಸಾಯುವ ತನಕ ಇದನ್ನು ಹೇಳುತ್ತಿದ್ದನಂತೆ.

ದೀಪ ಹಚ್ಚುವ ಹೊತ್ತಿಗೆ ಸಜ್ಜೆಹಟ್ಟಿ ತಲುಪಿದರು. ದುರುಗಜ್ಜಿ ಕೈ ಬಿಸಿನೀರಿನಲ್ಲಿ ತೊಳೆದು ಒಳಗೆ ಹೋದಳು. ಕೈ ನಡುಗಲಿಲ್ಲ. ಮೊದಲ ಕೋಳಿ ಕೂಗುವ ಮೊದಲು ಕೂಸು ತಿರುಗಿತು, ಬಂತು, ಅತ್ತಿತು. ಹೆಣ್ಣು. ತಾಯಿಯೂ ಉಳಿದಳು. ಹೊರಗೆ ಕೂತಿದ್ದ ತಿಪ್ಪವ್ವನನ್ನು ಅಜ್ಜಿ ಒಳಗೆ ಕರೆದು, ಅರ್ಧ ನಿನ್ನದು, ಹಿಡಿ ಅಂತ ಕೂಸನ್ನು ಅವಳ ಮಡಿಲಿಗೆ ಹಾಕಿದಳಂತೆ. ಗಂಡ ಸತ್ತಾಗ ಅಳದವಳು ಅವತ್ತು ಅತ್ತಳಂತೆ.

ತಿಪ್ಪವ್ವ ಹೇಗೆ ಹೋದಳು ಅಂತ ಸರಿಯಾಗಿ ಹೇಳುವವರಿಲ್ಲ. ಆದರೆ ಅವತ್ತಿನಿಂದ ಕುಡುಗೋಲುಬೆನ್ನಿನಿಂದ ಯಾರೂ ಬಿದ್ದಿಲ್ಲ ಅನ್ನುತ್ತಾರೆ. ಆ ಬಂಡೆಗೆ ಈಗ ಜೋಡಿಬಂಡೆ ಅಂತ ಹೆಸರು. ಇವತ್ತಿಗೂ ಅಲ್ಲಿ ಯಾರೂ ಒಬ್ಬರೇ ಕೈ ಮುಗಿಯುವುದಿಲ್ಲ. ಒಂದೊಂದು ಕೈಯಲ್ಲಿ ಕಲ್ಲು ಹಿಡಿದು, ಇನ್ನೊಂದನ್ನು ಪಕ್ಕದವರ ಕೈಗೆ ಜೋಡಿಸುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರೂ, ಅತ್ತೆ ಸೊಸೆಯರೂ, ಗುರುತಿಲ್ಲದ ದಾರಿಹೋಕರೂ. ಕೆಳಗೆ ಊರಿಗೆ ಬಂದ ಮೇಲೆ ಮತ್ತೆ ಜಗಳ ಆಡಿದರೆ ಆಡಲಿ, ಅದು ಅವರ ಇಷ್ಟ.

ಆ ಎರಡು ಊರಿನಲ್ಲಿ ಬೆಟ್ಟಕ್ಕೆ ಹೊರಟವರನ್ನು ಬುತ್ತಿ ಇದೆಯಾ, ನೀರು ಇದೆಯಾ ಅಂತ ಯಾರೂ ಕೇಳುವುದಿಲ್ಲ. ಜೊತೆಗೆ ಕೈ ಇದೆಯಾ ಅಂತ ಕೇಳುತ್ತಾರೆ. ಇಲ್ಲ ಅಂದರೆ, ಒಲೆಯ ಮೇಲಿನದನ್ನು ಇಳಿಸಿಟ್ಟು ಯಾರಾದರೂ ಎದ್ದು ಬರುತ್ತಾರೆ.